ಆರಡಿ ಡಿಶ್ಶು, ಎರಡು ಉಪಗ್ರಹ

ಆಕಾಶ ಬಲು ವಿಶಾಲ ಎಂದು ಯಾರಾದರೂ ಹೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಅಷ್ಟು ವಿಶಾಲವಾಗಿದ್ದರೆ ಎರಡು ಉಪಗ್ರಹಗಳು ಖಾನಾಪುರ ಬಸ್ಸಿನ ಸೀಟಿನಲ್ಲಿ ಕೂತವರಂತೆ ಒಂದಕ್ಕೊಂದು ಒತ್ತಿಕೊಂಡು ಕೂರುವ ಅಗತ್ಯವೇನಿತ್ತು? ಹಾಗೆ ಕೂತದ್ದು ಅವು. ಶಿಕ್ಷೆ ಅನುಭವಿಸಿದವನು ಬೆಳಗಾವಿಯ ಗುಮಾಸ್ತನಾದ ನಾನು.

ಎಂಬತ್ತರ ದಶಕದ ಕೊನೆಯ ಮಾತು. ಆಟೋ ನಗರದಲ್ಲಿ ವೆಲ್ಡಿಂಗ್ ಅಂಗಡಿಯಿಟ್ಟಿದ್ದ ಬಾಳಪ್ಪ ಕಬ್ಬಿಣದ ಪಟ್ಟಿಗೆ ಜಾಳಿಗೆ ಬಿಗಿದು ಪರದೇಶದ ಟೀವಿ ಹಿಡಿಯುವ ಡಿಶ್ ಮಾಡಿಕೊಡುತ್ತಿದ್ದ. "ಹನ್ನೆರಡು ಫೂಟಿಂದು ಮಾಡಸ್ರಿ ಸಾಹೇಬ್ರ" ಎಂದು ಬಾಯಿ ಬಡಿದುಕೊಂಡ. ಆದರೆ ನಮ್ಮ ಮನೆಯ ಮಾಳಿಗೆ ನನ್ನದಲ್ಲವಲ್ಲ! ಬೇಸಿಗೆಯಲ್ಲಿ ನನ್ನ ಹೆಂಡತಿ ಅಲ್ಲಿ ಹಳೆ ಸೀರೆ ಹಾಸಿ ಶಾಂಡಿಗೆ ಒಣಗಿಸುತ್ತಾಳೆ. ನಾಲ್ಕು ಸೀರೆ ಹಾಸಿ ತೋರಿಸಿ, "ಇದಿಷ್ಟು ನಂದು. ಉಳಿದದ್ರಾಗ ನಿಮ್ಮ ಬುಟ್ಟಿ ಇಟ್ಕೋರಿ" ಎಂದಳು. ಉಳಿದದ್ದು ಆರಡಿ. ಸೀರೆಯ ಸಂಗತಿ ಹೇಳಲು ನಾಚಿಕೆಯಾಗಿ, "ಆರಡಿ ಸಾಕೋ, ನನಗೆ ಗೊತ್ತು" ಎಂದು ಬಾಳಪ್ಪನನ್ನೇ ಗದರಿಸಿದೆ.

ನನ್ನ ಮಾವ ಖಾನಾಪುರದ ಹಳೆಯ ಪೈಲ್ವಾನರು. ಮದುವೆಯಾಗಿ ಒಂಬತ್ತು ವರ್ಷವಾದರೂ ನನ್ನ ತೋಳು ಕಂಡಾಗಲೆಲ್ಲ ನಿಟ್ಟುಸಿರು ಬಿಡುವವರು. ಅವರಿಗೆ ಪರದೇಶದ ಕುಸ್ತಿ ತೋರಿಸಿ ಒಮ್ಮೆಯಾದರೂ ಶಹಬಾಸ್ ಅನ್ನಿಸಿಕೊಳ್ಳಬೇಕೆಂದು ಪತ್ರ ಬರೆದು ಕರೆಸಿದೆ. ಬಂದರು, ಕೂತರು, ಟೀವಿ ಹಚ್ಚಿದೆ. ಪರದೆಯಲ್ಲಿ ಪೈಲ್ವಾನನ ಹೊಟ್ಟೆಯ ಮೇಲೆ ಒಬ್ಬಾಕೆ ಕೂತು ವಾರ್ತೆ ಓದುತ್ತಿದ್ದಳು!

"ಅಳಿಯಂದ್ರ, ಈ ಅಕ್ಕಾರು ಯಾರ್ರೀ? ಕುಸ್ತಿ ಬಿಡಿಸೋ ಪಂಚರೇನು?" ಎಂದರು ಮಾವ.

ಬಾಳಪ್ಪನನ್ನು ಹಿಡಿದು ತಂದೆ. "ಬಾಜುಬಾಜು ಅದಾವ್ರಿ ಎರಡೂ ಉಪಗ್ರಹ. ಸಣ್ಣ ಡಿಶ್ಶಿಗಿ ಎರಡೂ ಕಾಣ್ತಾವ, ದೊಡ್ಡದಕ್ಕ ಒಂದ ಕಾಣತೈತಿ. ನಾ ಹೇಳಿದ್ನಿಲ್ಲರಿ?" ಎಂದು ನಟ್ಟು ಬಿಗಿಯುವ ಪಾನಾ ಎತ್ತಿಕೊಂಡು ಹೊರಟೇಹೋದ. ದೊಡ್ಡವರಿಗೆ ಕಾಣುವುದು ಕಡಿಮೆ ಎಂಬುದು ಆಫೀಸಿನಲ್ಲಿ ನನಗೆ ಗೊತ್ತಿದ್ದ ಮಾತೇ. ಆಕಾಶದಲ್ಲೂ ಅದೇ ಕಾನೂನು ಎಂದರೆ ಯಾರಿಗೆ ಸಿಟ್ಟು ಬರುವುದಿಲ್ಲ?

ಮಾಳಿಗೆ ಹತ್ತಿ, ಶಾಂಡಿಗೆ ದಾಟಿ, ಡಿಶ್ಶಿನ ಅಂಚು ಹಿಡಿದು ಸಿಟ್ಟಿನಿಂದ ಜಗ್ಗಿದೆ. ಎರಡು ಬೆರಳಷ್ಟು ವಾಲಿತು.

"ಹೋದ್ಲು! ಅಕ್ಕ ಹೋದ್ಲು!" ಎಂದು ಕೆಳಗಿನಿಂದ ಮಾವನ ಕೂಗು. ಕೈ ಬಿಟ್ಟೆ. "ಮತ್ತ ಬಂದ್ಲು!"

ಬಿಗಿಯಲು ಪಾನಾ ಇಲ್ಲ. ಸುಡುಬಿಸಿಲಿನಲ್ಲಿ ಡಿಶ್ಶನ್ನು ತಬ್ಬಿಕೊಂಡು ನಿಂತೆ. ಕೆಳಗೆ ಮಾವ ತೊಡೆ ತಟ್ಟಿದ ಸದ್ದು ಕೇಳಿಸಿತು.

"ಯಾರು ಗೆದ್ದರ್ರೀ ಮಾವಾರ?"

"ಅಲುಗಾಡಬ್ಯಾಡ್ರಿ! ಇನ್ನೂ ನಾಕು ಕುಸ್ತಿ ಅದಾವ!"

ಸುಳ್ಳೇಕೆ ಹೇಳಲಿ, ಆ ತೊಡೆಯ ಸದ್ದಿಗೆ ನನಗೂ ಸಂತೋಷವಾಗಿ ಇನ್ನಷ್ಟು ಬಿಗಿಯಾಗಿ ಹಿಡಿದೆ. ಇಳಿದು ಬಂದಾಗ ಮಾವ "ಶಹಬಾಸ್!" ಎಂದದ್ದೂ ನಿಜ, ಅಂದದ್ದು ಟೀವಿಯ ಕಡೆ ನೋಡಿ. ಮುಂದಿನ ಭಾನುವಾರ ತಾಲೀಮಿನ ಗೆಳೆಯರನ್ನೂ ಕರೆತರುತ್ತೇನೆಂದರು. ಅವರಿಗೆಲ್ಲ ಸಾಲಬೇಕೆಂದು ಹೆಂಡತಿ ಆಗಲೇ ನೆರೆಮನೆಯಿಂದ ಕುರ್ಚಿ ಕೇಳಿಟ್ಟಿದ್ದಳು. ನನಗೊಂದು ಬೇಕೆಂದು ಮಾತ್ರ ಅವಳಿಗೆ ಅನ್ನಿಸಿರಲಿಲ್ಲ.