ಹಳದಿ ಚೌಕದ ಹೊರಗೆ ನಾನು

ಮುಂಬಯಿಯ ಪರೇಲಿನಲ್ಲಿ ನಮ್ಮ ಬಿಲ್ಡಿಂಗಿನ ಎದುರಿನ ಜೀಬ್ರಾ ಪಟ್ಟೆಗೆ ಕ್ಯಾಮೆರಾ ಬಂದದ್ದು ನನ್ನಿಂದ. ಇದನ್ನು ಹೆಮ್ಮೆಯಿಂದ ಹೇಳುತ್ತಿದ್ದೇನೆ. ಬೇರೆ ಯಾರೂ ಹೇಳುವ ಲಕ್ಷಣ ಕಾಣುತ್ತಿಲ್ಲ!

ನನ್ನ ಹೆಂಡತಿ ಸರೋಜಾಳ ಮೊಣಕಾಲಿಗೆ ಆಪರೇಷನ್ ಆಗಿತ್ತು. ರಸ್ತೆಯ ಆಚೆಯ ಆಸ್ಪತ್ರೆಯಲ್ಲಿ ದಿನವೂ ಫಿಸಿಯೋಥೆರಪಿ. ನಡುವೆ ಬಸ್ಸು, ಟ್ಯಾಕ್ಸಿ, ಬೈಕುಗಳ ಮಹಾಪ್ರವಾಹ. ಅದನ್ನು ತಾನೊಬ್ಬಳೇ ದಾಟಬೇಕು ಎಂಬುದು ಅವಳ ಆಸೆ.

"ಬಾಲವಾಡಿ ಕೂಸಿನಂಗ ನಿಮ್ಮ ಕೈ ಹಿಡಕೊಂಡು ಇನ್ನೆಷ್ಟ ದಿನ ಅಡ್ಡಾಡ್ಲಿ?" ಎಂದು ವಿಜಯಪುರದ ಗತ್ತಿನಲ್ಲೇ ಕೇಳಿದಳು.

ಟ್ರಾಫಿಕ್ ಇಲಾಖೆಗೆ ಅರ್ಜಿ ಬರೆದೆ. ಐದು ಅರ್ಜಿ. ಆರೂ ಇರಬಹುದು. ಧಾರವಾಡದಲ್ಲಿ ತತ್ತ್ವಶಾಸ್ತ್ರದ ಎಂ.ಎ. ಮಾಡಿ, ಮೂವತ್ತು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದ ನಾನು ಯಾವುದನ್ನೂ ಸುಲಭಕ್ಕೆ ನಂಬುವವನಲ್ಲ. ನನ್ನ ನೆನಪನ್ನಂತೂ ನಂಬುವುದೇ ಇಲ್ಲ. ಹಾಗಾಗಿ ನನ್ನ ಪ್ರತಿ ಅರ್ಜಿಯಲ್ಲೂ "ನನಗೆ ನೆನಪಿರುವ ಮಟ್ಟಿಗೆ" ಎಂಬ ಮಾತು ಇದ್ದೇ ಇರುತ್ತದೆ.

ಕಡೆಗೂ ಕ್ಯಾಮೆರಾ ಬಂತು. ವ್ಯವಸ್ಥೆ ಸರಳ. ಫುಟ್‌ಪಾತಿನ ಅಂಚಿಗೆ ಒಂದು ಹಳದಿ ಚೌಕ ಬಳಿದಿದ್ದಾರೆ. ಅದರೊಳಗೆ ಯಾರಾದರೂ ಕೆಲವು ಸೆಕೆಂಡು ನಿಂತರೆ ಕಂಬದ ಮೇಲಿನ ಕ್ಯಾಮೆರಾ ಗುರುತಿಸುತ್ತದೆ. ಗಾಡಿಗಳಿಗೆ ಮೊದಲು ಹಳದಿ ದೀಪ, ಆಮೇಲೆ ಕೆಂಪು. ಗೆರೆ ದಾಟಿದ ಗಾಡಿಯ ಫೋಟೊ ಬೀಳುತ್ತದೆ. ಒಂದು ತಿಂಗಳ ಪರೀಕ್ಷೆ. ಉಪಯೋಗ ಕಾಣದಿದ್ದರೆ ಕ್ಯಾಮೆರಾ ಕಿತ್ತು ಬೇರೆ ಜಂಕ್ಷನ್ನಿಗೆ ಒಯ್ಯುತ್ತಾರೆ.

ಎರಡು ವಾರವಾದರೂ ನಾವು ದಾಟುವಾಗ ದೀಪ ಒಂದು ದಿನವೂ ಕೆಂಪಾಗಲಿಲ್ಲ!

"ಏನ್ರೀ ಮಾಸ್ತರ್ರ, ನಿಮ್ಮ ಕ್ಯಾಮೆರಾದ ಕಣ್ಣಾಗ ಪೊರೆ ಬಂದೈತೇನು?" ಎಂದರು ಪಕ್ಕದ ಮನೆಯ ಪಾಟೀಲರು. ಬೆಳಗಾವಿಯವರು, ಬಟ್ಟೆ ವ್ಯಾಪಾರಿ. ಅವರ ನಗು ಮೂರನೆಯ ಮಹಡಿಯವರೆಗೂ ಕೇಳಿಸಿತು.

ಕೂಡಲೇ ದೂರು ಬರೆದೆ: "ನಾನು ಪ್ರತಿದಿನ ಬೆಳಿಗ್ಗೆ ಪತ್ನೀಸಮೇತನಾಗಿ ಹಳದಿ ಚೌಕದೊಳಗೆ ವಿಧಿವತ್ತಾಗಿ ನಿಂತಿದ್ದಾಗ್ಯೂ ತಮ್ಮ ಯಂತ್ರವು ನನ್ನ ಅಸ್ತಿತ್ವವನ್ನು ಗುರುತಿಸಲು ವಿಫಲವಾಗಿರುತ್ತದೆ. ಸದರಿ ಯಂತ್ರವನ್ನು ಬದಲಿಸತಕ್ಕದ್ದು." ಜೀವನದಲ್ಲಿ ಮೊದಲ ಸಲ "ನೆನಪಿರುವ ಮಟ್ಟಿಗೆ" ಎಂಬುದನ್ನು ಬಿಟ್ಟೆ. ಅಷ್ಟು ಖಾತ್ರಿಯಿತ್ತು! ಸಾಲದ್ದಕ್ಕೆ ಬಿಲ್ಡಿಂಗಿನ ಹನ್ನೊಂದು ಜನರ ಸಹಿಯನ್ನೂ ಹಾಕಿಸಿದೆ.

ಭಾನುವಾರ ಕ್ಯಾಮೆರಾದ ಎಂಜಿನಿಯರ್ ಅಶ್ವಿನಿ ಬಂದಳು. ಮುಂಬಯಿಯಲ್ಲೇ ಬೆಳೆದ ಹುಡುಗಿ. ಅವಳ ಕನ್ನಡ ಅರ್ಧ ದಾರಿಯಲ್ಲಿ ಹಿಂದಿಯ ಕಡೆ ತಿರುಗುತ್ತಿತ್ತು. ಗೇಟಿನ ಬಳಿಯ ಕೇರಂ ಬೋರ್ಡಿನ ಮೇಲೆ ಲ್ಯಾಪ್‌ಟಾಪ್ ಇಟ್ಟಳು. ಹನ್ನೊಂದೂ ಸಹಿಗಳು ಸುತ್ತ ನೆರೆದವು.

"ಅಂಕಲ್, ಕ್ಯಾಮೆರಾ ಠೀಕ್ ಇದೆ. ಆದ್ರೆ ನೀವು... ಮತ್ಲಬ್... ನೀವೇ ನೋಡಿ."

ವಿಡಿಯೊದಲ್ಲಿ ಸರೋಜಾ ಚೌಕದ ನಟ್ಟನಡುವೆ ನಿಂತಿದ್ದಾಳೆ. ದೀಪ ಹಳದಿಯಾಗುತ್ತದೆ. ಅಷ್ಟರಲ್ಲಿ ಒಬ್ಬ ಮಹಾನುಭಾವ ಒಂದು ಹೆಜ್ಜೆ ಕೆಳಗಿಳಿದು, ಈ ಊರಿನ ಸಕಲರಂತೆ ರಸ್ತೆಯಲ್ಲೇ ನಿಂತು, ಬಸ್ಸಿಗೆ ಅಂಗೈ ತೋರಿಸುತ್ತಾನೆ. ಮತ್ತೊಂದು ಕೈಯಿಂದ ಅವಳನ್ನು ಚೌಕದಿಂದ ಹೊರಗೆಳೆಯುತ್ತಾನೆ. ಚೌಕ ಖಾಲಿ. ದೀಪ ಮತ್ತೆ ಹಸಿರು. ಬಸ್ಸು ಹಾರ್ನ್ ಹೊಡೆಯುತ್ತಾ ಮೈಮೇಲೆ ಬರುತ್ತದೆ. ಮಹಾನುಭಾವ ಡ್ರೈವರನಿಗೆ ಬೈಯುತ್ತಾನೆ.

"ಇದು ಸೋಮವಾರದ್ದು," ಎಂದಳು ಅಶ್ವಿನಿ.

ಮಂಗಳವಾರವೂ ಅದೇ. ಬುಧವಾರ ಬೇರೆ ಶರ್ಟು, ಅದೇ ಮಹಾನುಭಾವ.

"ಕಣ್ಣಿಗೆ ಕಂಡದ್ದೆಲ್ಲ ಸತ್ಯವೆಂದು ಹೇಗೆ ಹೇಳುವುದು?" ಎಂದು ನಾನು ತತ್ತ್ವಶಾಸ್ತ್ರದ ಮೊರೆಹೊಕ್ಕೆ.

"ಆ ಅಂಗಿಗೆ ಗುಂಡಿ ಹಚ್ಚಿದಾಕಿ ನಾನ," ಎಂದಳು ಸರೋಜಾ. "ನಿಂದರ್ರಿ, ದೀಪ ಹತ್ತಾಕತ್ತೈತಿ ಅಂತ ದಿನಾ ಬಾಯಿ ಬಡಕೊಂಡೀನಿ. ಕೇಳ್ತೀರೇನು?"

ಅವಳು ಹೇಳಿದ್ದು ನನಗೆ ನೆನಪಿಲ್ಲ.

"ಮಾಸ್ತರ್ರ," ಎಂದರು ಪಾಟೀಲರು, "ನನ್ನ ಸಹಿ ಅಷ್ಟು ಅಳಿಸಿ ಕೊಡ್ರಿ!"

ಮರುದಿನ ಸರೋಜಾ ಒಬ್ಬಳೇ ಹೊರಟಳು. "ನನ್ನ ಬೆನ್ನು ಹತ್ತಬ್ಯಾಡ್ರಿ. ನಾ ಆಚೆ ಮುಟ್ಟಿದ ಮ್ಯಾಲೆ ನಿಮ್ಮ ಪಾಳಿ."

ಚೌಕದಲ್ಲಿ ನಿಂತಳು. ಹಳದಿ. ಕೆಂಪು. ಬಸ್ಸು ನಿಂತಿತು, ಟ್ಯಾಕ್ಸಿ ನಿಂತಿತು, ಯಾರಪ್ಪನಿಗೂ ನಿಲ್ಲದ ಡೆಲಿವರಿ ಬೈಕೂ ಗೆರೆಯ ಹಿಂದೆ ನಿಂತಿತು! ಪೆರೇಡ್ ವೀಕ್ಷಿಸುವ ರಾಷ್ಟ್ರಪತಿಯಂತೆ ಅವಳು ಆ ಸಾಲಿನ ಮುಂದೆ ಕೋಲೂರಿಕೊಂಡು ನಿಧಾನವಾಗಿ ನಡೆದು ಆಚೆ ಸೇರಿದಳು. ನನ್ನ ಎದೆ ಉಬ್ಬಿತು. ಪಕ್ಕದ ಅಪರಿಚಿತರಿಗೆ, "ಯೇ ಕ್ಯಾಮೆರಾ ಮೇರೀ ಅರ್ಜಿ ಸೇ ಆಯಾ ಹೈ" ಎಂದೆ. ಅವರು ಸ್ವಲ್ಪ ದೂರ ಸರಿದರು.

ಈಗ ನನ್ನ ಪಾಳಿ. ಚೌಕದಲ್ಲಿ ನಿಂತೆ. ಒಂದು ಸೆಕೆಂಡು, ಎರಡು ಸೆಕೆಂಡು. ಯಂತ್ರ ನನ್ನನ್ನು ಕಂಡಿತೋ ಇಲ್ಲವೋ? ದೀಪವನ್ನು ಇಣುಕಿ ನೋಡಲು ಒಂದು ಹೆಜ್ಜೆ ಕೆಳಗಿಳಿದೆ. ಹಸಿರು! ಗಾಬರಿಯಾಗಿ ಮತ್ತೆ ಹತ್ತಿದೆ. ಎಷ್ಟು ಹೊತ್ತು ನಿಂತೆ ಎಂಬುದೇ ಮರೆತುಹೋಯಿತು. ಮತ್ತೆ ಅನುಮಾನ. ಇಳಿದೆ. ಹತ್ತಿದೆ. ಅಕ್ಕಪಕ್ಕದವರು ಎಂದಿನಂತೆ ಕೈ ತೋರಿಸಿ ಓಡಿಹೋದರು. ನನಗೆ ಈಗ ಆ ಧೈರ್ಯವೂ ಇರಲಿಲ್ಲ. ಕ್ಯಾಮೆರಾ ನೋಡುತ್ತದಲ್ಲ!

"ನಾ ಹೋಗಿ ವ್ಯಾಯಾಮ ಮುಗಿಸ್ಕೊಂಡು ಬಂದೆ," ಎಂಬ ದನಿ ಕೇಳಿ ತಲೆಯೆತ್ತಿದೆ. ಸರೋಜಾ ಎದುರಿಗೆ ನಿಂತಿದ್ದಳು. "ನೀವು ಇನ್ನೂ ಇಲ್ಲೇ ಅದೀರೇನು?"

ತಿಂಗಳ ಕೊನೆಗೆ ಅಶ್ವಿನಿ ಸುದ್ದಿ ತಂದಳು. ಅಷ್ಟರಲ್ಲಿ ಸರೋಜಾಳನ್ನು ನೋಡಿ ಬಿಲ್ಡಿಂಗಿನವರೆಲ್ಲ ಚೌಕದಲ್ಲಿ ನಿಲ್ಲುವುದನ್ನು ಕಲಿತಿದ್ದರು. ಪ್ರಯೋಗ ಯಶಸ್ವಿ, ಕ್ಯಾಮೆರಾ ಇಲ್ಲೇ ಉಳಿಯುತ್ತದೆ.

"ಸಬ್ ಲೋಗ್ ಸರಿಯಾಗಿ ದಾಟ್ತಾರೆ ಅಂಕಲ್. ಸಿರ್ಫ್ ಒಂದೇ ಕೇಸ್ ಬಾಕಿ ಇದೆ," ಎಂದು ನಕ್ಕಳು.

ಆ ಕೇಸು ಅರ್ಜಿದಾರನದು!