ನಿಶ್ಶಬ್ದರಾಯರ ನಡುಗುವ ಗೆರೆ

ಪ್ರಯೋಗಾಲಯದ ಪರದೆಯ ಮೇಲಿನ ಗೆರೆ ಬೆಳಗಿನಿಂದ ನಡುಗುತ್ತಲೇ ಇತ್ತು. ಸಂಜೆಯೊಳಗೆ ಅದು ನೆಟ್ಟಗಾಗದಿದ್ದರೆ ನಾಳೆಯಿಂದ ಕೋಶದ ವಿದ್ಯುತ್ತು ಅಳೆಯುವ ಆ ಯಂತ್ರ ಹೃದಯದಕ್ಕನ ಪಾಲು ಎಂದು ಪ್ರೊಫೆಸರಮ್ಮ ಹೇಳಿಬಿಟ್ಟಿದ್ದರು. ಪಕ್ಕದ ಕೋಣೆಯಲ್ಲಿ ಕಪ್ಪೆಯ ಹೃದಯ ಅಳೆಯುವುದರಿಂದ ಆಕೆಗೆ ಆ ಹೆಸರು. ಸದ್ದಾದರೆ ಸಾಕು "ಶ್" ಎನ್ನುವುದರಿಂದ ಪರದೆಯ ಮುಂದೆ ಕೂತ ಇವರು ನಿಶ್ಶಬ್ದರಾಯರು.

ರಾಯರ ಕೆಲಸ ಒಳಗಿವಿಯ ರೋಮಕೋಶದ ಮೇಲೆ. ಸದ್ದು ಬಂದಾಗ ಕೋಶದ ನೆತ್ತಿಯ ಕೂದಲು ಬಾಗುತ್ತದೆ, ಪೊಟ್ಯಾಸಿಯಂ ಒಳಗೆ ನುಗ್ಗುತ್ತದೆ. ಬಂದ ನೆಂಟ ಹೊರಡಬೇಡವೇ? ಅದಕ್ಕೆಂದು ಗೋಡೆಯಲ್ಲಿ ಬೇರೆ ಬಾಗಿಲುಗಳಿವೆ. ಆ ಬಾಗಿಲುಗಳ ಬೀಗದಕೈ ಕ್ಯಾಲ್ಸಿಯಂ ಎಂಬುದು ರಾಯರ ವಾದ. ಕ್ಯಾಲ್ಸಿಯಂ ತಡೆಯುವ ಔಷಧಿ ಬಿದ್ದೊಡನೆ ಬಾಗಿಲು ಮುಚ್ಚಿ, ಹೊರಹೋಗುವ ಪೊಟ್ಯಾಸಿಯಂ ತೋರಿಸುವ ಗೆರೆ ಇಳಿದರೆ ಗೆದ್ದಂತೆ. ಬೆಚ್ಚಗಾದರೆ ಕೆಟ್ಟುಹೋಗುವ ಆ ಔಷಧಿಯ ಒಂದು ಹನಿ ಪಕ್ಕದ ಐಸಿನ ಡಬ್ಬಿಯಲ್ಲಿತ್ತು, ಉಳಿದದ್ದು ಫ್ರಿಜ್ಜಿನಲ್ಲಿ.

ಹೃದಯದಕ್ಕ ಇಣುಕಿದಳು. "ಏನ್ ರಾಯರೇ, ಆಯ್ತಾ? ನನ್ನ ಕಪ್ಪೆಗಳು ಕಾಯ್ತಾ ಕೂತಿವೆ."

"ಶ್! ನಿಮ್ಮ ಚಪ್ಪಲಿ ಸದ್ದಿಗೇ ಗೆರೆ ನಡುಗ್ತಿರೋದು. ಬರಿಗಾಲಲ್ಲಿ ಓಡಾಡಿ ತಾಯಿ!"

ಪಾಪ, ಆಕೆ ಚಪ್ಪಲಿ ಬಿಟ್ಟಳು. ಗೆರೆ ನಿಲ್ಲಲಿಲ್ಲ. ಫ್ಯಾನ್ ಆರಿಸಿ ಬೆವತದ್ದೂ ದಂಡ. ರಿಪೇರಿಯವನನ್ನು ಕರೆಸಿದರು.

"ಇದು ಗಾಳಿ ಮೇಲೆ ತೇಲೋ ಮೇಜು ಸಾರ್, ಹೊರಗೆ ಲಾರಿ ಹೋದ್ರೂ ಅಲ್ಲಾಡಲ್ಲ. ನಂಗೇನೋ ಆ ಫ್ರಿಜ್ಜಿನ ಕರೆಂಟ್ ಮೇಲೇ ಅನುಮಾನ," ಎಂದು ಅವನು ಊಟಕ್ಕೆ ಹೋದ.

ಐದೇ ನಿಮಿಷ ಎಂದುಕೊಂಡು ರಾಯರು ಫ್ರಿಜ್ಜಿನ ಪ್ಲಗ್ ಕಿತ್ತರು. ನೊಣ ಹಾರಿದರೂ ಕೇಳುವಷ್ಟು ಮೌನ. ಗೆರೆ ಮಾತ್ರ ನಡುಗುತ್ತಲೇ ಇತ್ತು. ಐದು ನಿಮಿಷ ಹೋಗಿ ಮಧ್ಯಾಹ್ನ ಕಳೆಯಿತು. ರಾಯರಿಗೆ ಅಳು ಬರುವುದೊಂದು ಬಾಕಿ.

ಆಗ ಬಂದದ್ದು ಸೀನು. ಕೋಶದ ಮೇಲೆ ಬೀಳದಿರಲೆಂದು ಎದ್ದು ನಿಂತರು. ಗೆರೆ ಗಪ್ಪಾಯಿತು. ಕೂತರು, ನಡುಗಿತು. ಬಗ್ಗಿ ನೋಡಿದರೆ ಅವರದೇ ಬಲಗಾಲು! ಕೂತಲ್ಲಿ ಕಾಲು ಅಲ್ಲಾಡಿಸುವ ಹುಟ್ಟುಗುಣ. ಮೊಣಕಾಲು ಮೇಜಿಗೆ ತಾಗುತ್ತಿತ್ತು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದಂತಾಗಿತ್ತು.

ರಾಯರು ಸೊಂಟದ ಬೆಲ್ಟು ಬಿಚ್ಚಿ ಕಾಲನ್ನು ಕುರ್ಚಿಗೆ ಬಿಗಿದು, ಉಸಿರು ಹಿಡಿದು ಐಸಿನ ಡಬ್ಬಿಯ ಹನಿಯನ್ನು ಕೋಶದ ಮೇಲೆ ಬಿಟ್ಟರು. ಗೆರೆ ಮೆಲ್ಲಗೆ, ಚೆಂದವಾಗಿ ಇಳಿಯಿತು. ರಾಯರ ಕಣ್ಣು ತುಂಬಿ ಬಂತು.

ಅಷ್ಟರಲ್ಲಿ ಪ್ರೊಫೆಸರಮ್ಮ ಬಂದು ಬೆನ್ನು ತಟ್ಟಿದರು. "ಭೇಷ್! ಆದ್ರೆ ಒಂದು ಕೋಶ ಅಂದ್ರೆ ಬರೀ ಕತೆ ಕಣ್ರೀ, ಮೂರಾದ್ರೆ ಪುರಾವೆ. ಈಗ್ಲೇ ಇನ್ನೆರಡು ತೋರಿಸ್ಬಿಡಿ, ಯಂತ್ರ ನಿಮ್ಮ ಹತ್ರಾನೇ ಇರ್ಲಿ."

"ಔಷಧಿ ತಗೊಂಡೇ ಬಂದೆ ಮೇಡಂ!" ಬೆಲ್ಟು ಬಿಚ್ಚುವಷ್ಟೂ ತಾಳ್ಮೆಯಿಲ್ಲದೆ ರಾಯರು ಚಕ್ರದ ಕುರ್ಚಿಯನ್ನೇ ತಳ್ಳಿಕೊಂಡು ಹೋಗಿ ಫ್ರಿಜ್ಜಿನ ಬಾಗಿಲು ತೆಗೆದರು. ಒಳಗಿನಿಂದ ಬೆಚ್ಚನೆಯ ಗಾಳಿ ಮುಖಕ್ಕೆ ಬಡಿಯಿತು. ಕರಗಿದ ನೀರು ನೆಲದ ಮೇಲೆ ಹರಿಯಿತು. ಅವರ ಸೀಸೆಯ ಹಿಂದೆ ಹೃದಯದಕ್ಕ ವರ್ಷವಿಡೀ ಕೂಡಿಟ್ಟ ಕಪ್ಪೆಹೃದಯದ ಮಾದರಿಗಳ ಸೀಸೆಗಳೆಲ್ಲ ಸಾಲಾಗಿ ಬೆವರುತ್ತಿದ್ದವು.

"ಅಯ್ಯೋ, ಇದೇನ್ರೀ, ನೆಲ ಎಲ್ಲಾ ಒದ್ದೆ?" ಬೆನ್ನ ಹಿಂದೆಯೇ ಹೃದಯದಕ್ಕನ ದನಿ. ಬರಿಗಾಲಲ್ಲಿ ಬಂದಿದ್ದಳು, ಸದ್ದೇ ಆಗಿರಲಿಲ್ಲ.

ಓಡಿಹೋಗೋಣವೆಂದರೆ ರಾಯರ ಕಾಲು ಕುರ್ಚಿಗೆ ಕಟ್ಟಿತ್ತು.