ಸ್ವೀಡನ್ನಿನ ಕಸೂತಿ, ಮಾಗಡಿಯ ಹಟ

ಬೆಳಿಗ್ಗೆ ಎದ್ದು ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟೆ. ಹಾಲು ಕಾಯಿಸಿದೆ. ನೆನೆಸಿಟ್ಟ ಅವರೆಕಾಳು ಹಿದುಕಿದೆ, ಮಸಾಲೆ ರುಬ್ಬಿದೆ, ಯಾರೂ ಕತ್ತೆತ್ತಿ ನೋಡದ ಫ್ರಿಜ್ಜಿನ ನೆತ್ತಿಯನ್ನೂ ಒರೆಸಿದೆ. ಬೀಗರು ಊಟಕ್ಕೆ ಬರುವ ಭಾನುವಾರವಲ್ಲವೇ? ಇಷ್ಟನ್ನೂ ಮಾಡಿದ್ದು ನಾನು. ನಮ್ಮ ಅತ್ತಿಗೆ ಮಾಡಿದ್ದು ಒಂದೇ ಕೆಲಸ. ಊಟದ ಮೇಜಿನ ತುದಿಯಲ್ಲಿ ಸೂಜಿ ಹಿಡಿದು ಕೂತವರು ಏಳಲೇ ಇಲ್ಲ!

ಅತ್ತಿಗೆ ಎಂದರೆ ನಮ್ಮ ಯಜಮಾನರ ಅಕ್ಕ. ಮಾಗಡಿಯಲ್ಲಿ ಹಟದ ಪಂದ್ಯ ಇಟ್ಟರೆ ಪೈಪೋಟಿ ನಡೆಯುವುದು ಎರಡನೇ ಬಹುಮಾನಕ್ಕೆ ಮಾತ್ರ. ಮೂವತ್ತು ವರ್ಷ ರಾಮನಗರದಲ್ಲಿ ಬಿಸಿನೀರಿನ ತೊಟ್ಟಿಯ ಮುಂದೆ ಕೂತು ಗೂಡಿನಿಂದ ರೇಷ್ಮೆ ಬಿಚ್ಚಿದವರು, ಹೋದ ವರ್ಷ ನಮ್ಮ ಮನೆಗೆ ಬಂದರು. ಕುದಿಯುವ ಪಾತ್ರೆಯನ್ನು ಬರಿಗೈಯಲ್ಲೇ ಇಳಿಸುತ್ತಾರೆ. ಅವರು ಬಂದ ಮೇಲೆ ನಮ್ಮ ಇಕ್ಕಳಕ್ಕೆ ಕೆಲಸವೇ ಹೋಯಿತು!

ಇನ್ನೊಂದು ಅಭ್ಯಾಸವಿದೆ. ಏನು ಕಂಡರೂ ಕೆನ್ನೆಗೆ ಉಜ್ಜಿ ನೋಡುತ್ತಾರೆ. ಹೊಸ ಟವೆಲ್ಲು, ಮಗಳ ಚೂಡಿದಾರ, ಕೊನೆಗೆ ಸಂತೆಯ ಟೊಮೆಟೊ ಕೂಡ. “ಅಮ್ಮೋ, ಅದು ಸಾರಿಗಾಕೋದು, ಮುಖಕ್ಕೆ ಹಚ್ಕೊಳದಲ್ಲ” ಎಂದು ತರಕಾರಿಯವನು ಕೂಗಿದರೆ, “ನಿನ್ ಟೊಮೆಟೊಗಿಂತ ನನ್ ಕೆನ್ನೆನೇ ಗಟ್ಟಿಯಾಗೈತೆ, ಹೋಗ್ಲಾ” ಎಂದು ಬುಟ್ಟಿಗೆ ವಾಪಸು ಎಸೆದರು.

ಈ ಕೆನ್ನೆಯೇ ಮಗಳ ನಿಶ್ಚಿತಾರ್ಥದಲ್ಲಿ ನನ್ನ ಮಾನ ತೆಗೆಯಿತು. ಮರಳವಾಡಿಯಿಂದ ಬಂದ ಬೀಗಿತ್ತಿ, ಅಂದರೆ ಹುಡುಗನ ತಾಯಿ, ಒಳ್ಳೆಯ ಸೀರೆ ಉಟ್ಟು ಕೂತಿದ್ದರು. ಅತ್ತಿಗೆ ನೇರ ಹೋಗಿ ಸೆರಗು ಎತ್ತಿ ಕೆನ್ನೆಗೆ ಉಜ್ಜಿ, “ಅಸಲಿ ಕಣವ್ವ, ಮೋಸ ಇಲ್ಲ” ಎಂದು ಪ್ರಮಾಣಪತ್ರ ಕೊಟ್ಟುಬಿಟ್ಟರು! ಬೀಗಿತ್ತಿ ಬೆಚ್ಚಿ, “ಇವ್ರು ಏನ್ ಮಾಡ್ಕೊಂಡವ್ರೆ?” ಎಂದು ನನ್ನನ್ನು ಕೇಳಿದರು. ನಾಚಿಕೆಯಲ್ಲಿ ನನ್ನ ಬಾಯಿಂದ ಬಂದದ್ದು, “ಏನೂ ಇಲ್ಲ, ಸುಮ್ನೆ ಮನೇಲಿರ್ತಾರೆ.”

ಅತ್ತಿಗೆ ಕೇಳಿಸಿಕೊಂಡರು. ಮನೆಗೆ ಬಂದು ಹೇಳಿದ್ದು ಇಷ್ಟೇ: “ಅವ್ರು ಉಣ್ಣಕೆ ಬತ್ತಾರಲ್ಲ, ಆವತ್ತು ಅವ್ರ ತಟ್ಟೆ ಮುಂದೆ ನನ್ ಕೈ ಕೆಲ್ಸ ಇರ್ತದೆ. ನೋಡ್ತಿರು.”

ಮಾರನೆಯ ದಿನವೇ ಮಗಳ ಮೊಬೈಲಿನಲ್ಲಿ ಸ್ವೀಡಿಷ್ ಕಸೂತಿ ಹುಡುಕಿಸಿದರು. ಒರಟು ಮ್ಯಾಟಿ ಬಟ್ಟೆಯ ಮೇಲೆ ಎದ್ದು ನಿಂತ ಎಳೆಗಳ ಅಡಿಯಲ್ಲಿ ಮೊಂಡು ಸೂಜಿ ತೂರಿಸಿಕೊಂಡು ಹೋಗುವ ಕೆಲಸ ಅದು. ಸೂಜಿ ಬಟ್ಟೆಯನ್ನು ದಾಟುವುದೇ ಇಲ್ಲ; ಹಿಂಬದಿ ನೋಡಿದರೆ ಹೊಲಿಗೆಯ ಸುಳಿವೇ ಇರುವುದಿಲ್ಲ. “ನಮ್ ಕಸೂತಿಗೇನಾಗಿತ್ತು ಅತ್ತಿಗೆ? ಸ್ವೀಡನ್‌ಗೇ ಹೋಗ್ಬೇಕಿತ್ತಾ?” ಎಂದೆ. “ನಾನೆಲ್ಲಿಗೆ ಹೋದೆ? ಅವ್ರೇ ಮೊಬೈಲಾಗೆ ಬಂದವ್ರೆ” ಎಂದರು.

ಮೇಜಿನ ಉದ್ದ ಅಳೆದು, ನಡುವಿನಿಂದ ಶುರುಮಾಡಿ, ಹದಿನೈದು ದಿನದಲ್ಲಿ ಮೇಜಿನ ಮೇಲೆ ಉದ್ದಕ್ಕೆ ಹಾಸುವ ಪಟ್ಟಿ ಮುಗಿಸಿದರು. ಚೆಂದವೆಂದರೆ ಚೆಂದ! ಅಲ್ಲಿಗೆ ಬಿಡಬಾರದಿತ್ತೇ? “ಬಿಸಿನೀರು ಕಾಣ್ದೆ ಎಳೆಗೆ ಹೊಳಪೆಲ್ಲಿಂದ ಬತ್ತದೆ?” ಎಂದು ಹೋದ ಸೋಮವಾರ ಅದನ್ನು ಕುದಿಯುವ ನೀರಿಗೆ ಇಳಿಬಿಟ್ಟು, ರೇಷ್ಮೆಗೂಡು ಬೇಯಿಸಿದ ಹಾಗೆ ಬೇಯಿಸಿದರು. ಬಟ್ಟೆ ಹತ್ತಿಯದು, ಒಂದು ಸಲವೂ ನೀರು ಕಂಡದ್ದಲ್ಲ. ಒಣಗಿದ ಮೇಲೆ ನೋಡಿದರೆ ಮೇಜಿಗೆಂದು ಹೊರಟ ಪಟ್ಟಿ ಸ್ಟೂಲಿಗೆ ಬಂದು ನಿಂತಿತ್ತು!

ನಾನು ನಗಲಿಲ್ಲ. ಯಜಮಾನರು ನಕ್ಕರು, ಬೈಸಿಕೊಂಡರು. ಅತ್ತಿಗೆ ಉಳಿದ ಬಟ್ಟೆಯನ್ನು ಮೊದಲು ಕುದಿಸಿ, ಒಣಗಿಸಿ, ಆಮೇಲೆ ಅಳೆದು ಕತ್ತರಿಸಿದರು. “ಭಾನುವಾರಕ್ಕಿನ್ನೂ ಆರು ದಿನ ಐತೆ. ಸಾಲು ಒಸಿ ಕಮ್ಮಿ ಮಾಡ್ತೀನಿ. ಕೊಟ್ ಮಾತು ಕಮ್ಮಿ ಮಾಡಕಿಲ್ಲ.”

ಗುರುವಾರ ಕಸ ಗುಡಿಸುವಾಗ ನಾನು ಆ ಮೊಂಡು ಸೂಜಿಯನ್ನೂ ಗುಡಿಸಿ ಆಚೆ ಹಾಕಿದೆ! ಗಾಬರಿಯಲ್ಲಿ ನನ್ನ ಹೊಲಿಗೆ ಡಬ್ಬಿಯ ಚೂಪು ಸೂಜಿ ಕೊಟ್ಟೆ. ಅರ್ಧ ಗಂಟೆ ಬಿಟ್ಟು ಬಂದು ನೋಡಿದರೆ ಬಿಳಿ ಬಟ್ಟೆಯ ಮೇಲೆ ಕೆಂಪು ಚುಕ್ಕೆಗಳು.

“ಅತ್ತಿಗೆ, ರಕ್ತ!”

ಅವರು ತಮ್ಮ ಬೆರಳನ್ನು ಪಕ್ಕದ ಮನೆಯವರ ಬೆರಳೇನೋ ಎಂಬಂತೆ ತಿರುಗಿಸಿ ನೋಡಿದರು. “ಚುಚ್ಚಿದ್ದು ಗೊತ್ತಾಗಕಿಲ್ಲ ಕಣವ್ವ. ಬಿಸಿನೀರಲ್ಲಿ ಬೆಂದು ಬೆಂದು ತುದಿ ಸತ್ತೋಗವೆ. ಅದಕ್ಕೇ ಈ ಮೊಂಡು ಸೂಜಿ ಕೆಲ್ಸ ಹುಡುಕಿದ್ದು. ನುಣುಪು ಗಿಣುಪು ನೋಡಕೆ ಕೆನ್ನೆ ಐತಲ್ಲ, ಬುಡು.”

ಟೊಮೆಟೊ, ಸೆರಗು, ಇಕ್ಕಳ ಎಲ್ಲವೂ ಒಟ್ಟಿಗೆ ನೆನಪಾದವು. ಒಂದು ವರ್ಷ ಒಂದೇ ಮನೆಯಲ್ಲಿದ್ದು ನಾನು ನೋಡಿದ್ದಾದರೂ ಏನು?

ಯಜಮಾನರು ಸೂಜಿ ತೆಗೆದುಕೊಂಡು ಹೋಗಿ, ಕುಡುಗೋಲು ಮಸೆಯುವ ಕಲ್ಲಿಗೆ ಅದರ ಮೂತಿ ಉಜ್ಜಿ ಉಜ್ಜಿ ಮೊಂಡು ಮಾಡಿದರು. ಆ ಕಲ್ಲು ಹುಟ್ಟಿದಾರಭ್ಯ ಮಾಡದ ಕೆಲಸ! ಅತ್ತಿಗೆ ಚುಕ್ಕೆಗಳನ್ನು ತಣ್ಣೀರಲ್ಲಿ ಒರೆಸಿ, ಉಳಿದ ಕಲೆಯ ಮೇಲೆ ಕೆಂಪು ದಾರದ ಸಾಲು ಓಡಿಸಿದರು.

ಇವತ್ತು ಮಧ್ಯಾಹ್ನ ಹನ್ನೆರಡಕ್ಕೂ ಎರಡು ಸಾಲು ಬಾಕಿ. ಮಾಗಡಿಗೆ ರೈಲಿಲ್ಲವೆಂದು ಸದಾ ಗೊಣಗುವ ನಾನು ಇವತ್ತು ಮಾತ್ರ ಕೈಮುಗಿದೆ. ಬೀಗರು ಬಸ್ಸು ಬದಲಿಸಿ ಬದಲಿಸಿ ಒಂದೂವರೆಗೆ ಬಂದರು. ಆಗ ಅರ್ಧ ಸಾಲು ಉಳಿದಿತ್ತು. ಪಟ್ಟಿ ಮೇಜಿನ ಮೇಲೆ ಹಾಸಿತ್ತು, ತುದಿಯಲ್ಲಿ ಅತ್ತಿಗೆಯ ಸೂಜಿ ಓಡುತ್ತಿತ್ತು.

“ಮುದ್ದೆ ಆರೋಯ್ತದೆ, ಏಳಕ್ಕ” ಎಂದರು ಯಜಮಾನರು.

“ಆರ್ಲಿ ಬುಡ್ಲಾ.”

ಬೀಗಿತ್ತಿ ಕುರ್ಚಿ ಎಳೆದುಕೊಂಡು ಬಗ್ಗಿ ನೋಡಿದರು. ಪಟ್ಟಿಯ ತುದಿ ಮಗುಚಿ ಹಿಂಬದಿಯನ್ನೂ ನೋಡಿದರು. “ಇದ್ಯಾರು ಮಾಡಿದ್ದು?”

ಈ ಸಲ ನನ್ನ ಬಾಯಿ ಸರಿಯಾಗಿ ತೆರೆಯಿತು. “ನಮ್ಮತ್ತಿಗೆ. ಮೂವತ್ತು ವರ್ಷ ರೇಷ್ಮೆ ಬಿಚ್ಚಿದ ಕೈ ಅವರದು. ಆವತ್ತು ನಾನು ನಿಮಗೆ ತಪ್ಪು ಹೇಳಿದ್ದೆ.”

ಅತ್ತಿಗೆ ತಲೆ ಎತ್ತಲಿಲ್ಲ. ಕೊನೆಯ ಎಳೆ ಒಳಗೆ ತೂರಿಸಿ, ದಾರ ಕತ್ತರಿಸಿ, “ಈಗ ಬಡ್ಸು” ಎಂದರು.

ಮುದ್ದೆ, ಹಿದುಕಿದವರೆ ಸಾರು, ಕೋಳಿ ಪಲ್ಯ, ಅನ್ನ, ಮಜ್ಜಿಗೆ ಉಂಡೆವು. ಬೀಗಿತ್ತಿ ಸಾರಿನ ಪಾತ್ರೆಯನ್ನು ಪಟ್ಟಿಯ ಮೇಲೆ ಇಡಲು ಬಿಡದೆ ತೊಡೆಯ ಮೇಲೆ ಇಟ್ಟುಕೊಂಡೇ ಉಂಡರು! ಮೂರು ಗಂಟೆಗೆ ಅವರನ್ನು ಬಸ್ಸು ಹತ್ತಿಸಿ ಬಂದೆವು. ಅಷ್ಟರಲ್ಲಿ ಅತ್ತಿಗೆ ನಿದ್ದೆ ಹೋಗಿದ್ದರು. ಕುರ್ಚಿಯಲ್ಲಿ ಕೂತಲ್ಲೇ, ಆ ಕೆಂಪು ಸಾಲಿನ ಮೇಲೆ ಕೆನ್ನೆ ಇಟ್ಟುಕೊಂಡು.